ತೂಬು ಮುಚ್ಚುವ ಔಷಧ, ನಾಲೆಯ ಕೊನೆಯ ರೈತ

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯಲ್ಲಿ ನಮ್ಮ ಮನೆತನದ ಜಮೀನು ಇದೆ. ಹೇಳಿಕೊಳ್ಳುವಷ್ಟು ದೊಡ್ಡದಲ್ಲ. 2016ರ ಬೇಸಿಗೆಯಲ್ಲಿ ನನ್ನ ದೊಡ್ಡಪ್ಪನ ಮಗ, ವಯಸ್ಸಿನಲ್ಲಿ ನನಗಿಂತ ಐದು ವರ್ಷ ಹಿರಿಯರು, ದೊಡ್ಡ ಕರುಳಿನ ಕ್ಯಾನ್ಸರಿಗೆ ತುತ್ತಾದರು. ಪತ್ತೆಯಾಗುವ ಹೊತ್ತಿಗೆ ಅದು ಯಕೃತ್ತಿಗೂ ಹರಡಿತ್ತು. ನಗರದ ಒಂದು ಖಾಸಗಿ ಆಸ್ಪತ್ರೆಯ ವೈದ್ಯರು ಮಾಮೂಲಿ ಕಿಮೋಥೆರಪಿಯ ಜೊತೆಗೆ ಒಂದು ಹೊಸ ಚುಚ್ಚುಮದ್ದನ್ನೂ ಕೊಡಬಹುದೆಂದು ಹೇಳಿದರು. ಅದು ಗಡ್ಡೆಗೆ ಹೋಗುವ ರಕ್ತವನ್ನೇ ನಿಲ್ಲಿಸಿ ಅದನ್ನು ಸೊರಗಿಸುತ್ತದೆ ಎಂದರು. ಅದರ ವೆಚ್ಚ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು. ಅಣ್ಣನ ಮಗ ನನಗೆ ದೂರವಾಣಿ ಕರೆ ಮಾಡಿ ಕೇಳಿದ ಪ್ರಶ್ನೆ ಒಂದೇ: 'ಚಿಕ್ಕಪ್ಪ, ನಾಲೆಯ ಕೆಳಗಿನ ಒಂದು ಎಕರೆ ಗದ್ದೆ ಮಾರಬಹುದೆ?'

ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನು ನಾನು. ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ಕೆರೆ ದುರಸ್ತಿಯಿಂದ ರಸ್ತೆ ನಿರ್ಮಾಣದವರೆಗೆ ನೂರಾರು ಯೋಜನೆಗಳ ಲಾಭ–ವೆಚ್ಚದ ಟಿಪ್ಪಣಿಗಳಿಗೆ ಸಹಿ ಹಾಕಿದವನು. ಆದರೂ ಆ ದಿನ ಆ ಹುಡುಗನಿಗೆ ಉತ್ತರಿಸಲು ನನ್ನಲ್ಲಿ ಏನೂ ಇರಲಿಲ್ಲ. 'ಅಪ್ಪನಿಗಿಂತ ಜಮೀನು ಹೆಚ್ಚೇನಪ್ಪ' ಎಂದುಬಿಟ್ಟೆ. ಅದು ಬಂಧುವಿನ ಮಾತಾಗಿತ್ತೇ ಹೊರತು ತಿಳಿದವನ ಮಾತಾಗಿರಲಿಲ್ಲ. ಅಂದು ಕೇಳಬೇಕಾಗಿದ್ದ ಪ್ರಶ್ನೆಗಳಾವುವು ಎಂಬುದನ್ನು ನಾನು ತಡವಾಗಿ ಕಲಿತೆ. ಇಂಥ ದೂರವಾಣಿ ಕರೆಗಳು ಇಂದಿಗೂ ಪ್ರತಿ ತಾಲ್ಲೂಕಿನಿಂದ ಪ್ರತಿ ನಗರಕ್ಕೆ ಬರುತ್ತಲೇ ಇರುವುದರಿಂದ ಈ ಲೇಖನ ಬರೆಯುತ್ತಿದ್ದೇನೆ.

ಮೊದಲಿಗೆ ವಿಜ್ಞಾನದ ಮಾತು. ನಾಲೆಯ ಕೆಳಗೆ ಬೇಸಾಯ ಮಾಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ದೇಹದ ಪ್ರತಿ ಜೀವಕೋಶಕ್ಕೂ ಆಮ್ಲಜನಕ ಮತ್ತು ಆಹಾರ ರಕ್ತನಾಳಗಳ ಮೂಲಕವೇ ತಲುಪಬೇಕು. ಹೊಸದಾಗಿ ಹುಟ್ಟಿದ ಕ್ಯಾನ್ಸರ್ ಗಡ್ಡೆಗೆ ತನ್ನದೇ ಆದ ರಕ್ತನಾಳವಿರುವುದಿಲ್ಲ. ಅಕ್ಕಪಕ್ಕದಿಂದ ಜಿನುಗುವ ತೇವದಲ್ಲಿ ಅದು ಒಂದೆರಡು ಮಿಲಿಮೀಟರಿನಷ್ಟು ಬೆಳೆದು ನಿಲ್ಲುತ್ತದೆ. ಮುಂದಕ್ಕೆ ಬೆಳೆಯಬೇಕಾದರೆ ಅದು ಹತ್ತಿರದ ರಕ್ತನಾಳಕ್ಕೆ ರಾಸಾಯನಿಕ ಸಂದೇಶ ಕಳಿಸಿ, ಅಲ್ಲಿಂದ ಹೊಸ ಕವಲುಗಳು ತನ್ನತ್ತ ಚಿಗುರುವಂತೆ ಮಾಡಿಕೊಳ್ಳಬೇಕು. ಸರ್ಕಾರಿ ನಾಲೆಯ ಏರಿಯನ್ನು ರಾತ್ರೋರಾತ್ರಿ ಒಡೆದು ತನ್ನ ಹೊಲಕ್ಕೆ ಕಳ್ಳತೂಬು ಇಟ್ಟುಕೊಳ್ಳುವ ಕೆಲಸವಿದು. ಆ ತೂಬನ್ನು ಮುಚ್ಚಿದರೆ ಗಡ್ಡೆ ಒಣಗಬೇಕಲ್ಲವೇ?

ಈ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಎತ್ತಿದವರು ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್. 1960ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದಾಗ, ದೇಹದಿಂದ ಬೇರ್ಪಡಿಸಿ ಜೀವಂತವಾಗಿಟ್ಟ ಗ್ರಂಥಿಯೊಳಗೆ ಬೆಳೆಸಿದ ಗಡ್ಡೆಗಳು ಗುಂಡುಸೂಜಿಯ ತಲೆಯಷ್ಟಾಗಿ ನಿಂತುಬಿಡುವುದನ್ನು ಅವರು ಗಮನಿಸಿದ್ದರು. 1971ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ರಕ್ತನಾಳಗಳ ಈ ಹೊಸ ಚಿಗುರನ್ನು ತಡೆಯುವುದೇ ಕ್ಯಾನ್ಸರ್ ಚಿಕಿತ್ಸೆಯ ಒಂದು ಮಾರ್ಗವಾಗಬಹುದು ಎಂದು ಅವರು ವಾದಿಸಿದರು. ಬಹುಕಾಲ ಅವರ ವಾದವನ್ನು ಒಪ್ಪಿದವರು ವಿರಳ. 1989ರಲ್ಲಿ ನೆಪೋಲಿಯೋನ್ ಫೆರಾರಾ ಮತ್ತು ಸಂಗಡಿಗರು ರಕ್ತನಾಳಗಳನ್ನು ಚಿಗುರಿಸುವ ಮುಖ್ಯ ಪ್ರೋಟೀನನ್ನು ಬೇರ್ಪಡಿಸಿ ಗುರುತಿಸಿದ ಮೇಲೆ ವಾದಕ್ಕೆ ಬಲ ಬಂದಿತು. ಆ ಪ್ರೋಟೀನನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯವೇ ಬೆವಾಸಿಝುಮ್ಯಾಬ್. ನನ್ನ ಅಣ್ಣನಿಗೆ ಸೂಚಿಸಿದ ಚುಚ್ಚುಮದ್ದು ಅದೇ.

ನಡುವೆ ಒಂದು ದೊಡ್ಡ ಗದ್ದಲವೂ ಆಯಿತು. 1998ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಪ್ರಮುಖ ಪತ್ರಿಕೆಯೊಂದು, ಫೋಕ್‌ಮನ್ ಪ್ರಯೋಗಾಲಯದ ಎರಡು ಪದಾರ್ಥಗಳು ಇಲಿಗಳಲ್ಲಿ ಗಡ್ಡೆಗಳನ್ನು ಕರಗಿಸಿದ ಸುದ್ದಿಯನ್ನು ಮುಖಪುಟದಲ್ಲಿ ಪ್ರಕಟಿಸಿತು. ಕ್ಯಾನ್ಸರಿಗೆ ಮದ್ದು ಸಿಕ್ಕೇಬಿಟ್ಟಿತೆಂದು ಲೋಕ ಭಾವಿಸಿತು. ಸಂಬಂಧಪಟ್ಟ ಕಂಪನಿಯ ಷೇರಿನ ಬೆಲೆ ಒಂದೇ ದಿನದಲ್ಲಿ ಹಲವು ಪಟ್ಟು ಜಿಗಿಯಿತು. ಫೋಕ್‌ಮನ್ ಮಾತ್ರ ಎಚ್ಚರಿಕೆಯಿಂದಲೇ ಇದ್ದರು. ತಾವು ವಾಸಿ ಮಾಡಿರುವುದು ಇಲಿಗಳನ್ನು ಎಂಬುದನ್ನು ಅವರು ಜನರಿಗೆ ನೆನಪಿಸುತ್ತಿದ್ದರು. ಅಮೆರಿಕದಲ್ಲಿ ನಡೆದ ಮುಂದಿನ ಪರೀಕ್ಷೆಗಳಲ್ಲಿ ಆ ಪದಾರ್ಥಗಳು ಮನುಷ್ಯರಲ್ಲಿ ಇಲಿಗಳಲ್ಲಿ ಮಾಡಿದ ಚಮತ್ಕಾರವನ್ನು ಮಾಡಲಿಲ್ಲ.

ಬೆವಾಸಿಝುಮ್ಯಾಬ್ ಮಾತ್ರ ಪರೀಕ್ಷೆಯಲ್ಲಿ ಗೆದ್ದಿತು. 2004ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಅನುಮತಿ ನೀಡಿತು. ಹರಡಿದ ಕರುಳಿನ ಕ್ಯಾನ್ಸರಿನಲ್ಲಿ ಕಿಮೋಥೆರಪಿ ಮಾತ್ರ ಪಡೆದವರು ಮಧ್ಯಾಂಕದ ಲೆಕ್ಕದಲ್ಲಿ 15.6 ತಿಂಗಳು ಬದುಕಿದರೆ, ಈ ಔಷಧವನ್ನೂ ಪಡೆದವರು 20.3 ತಿಂಗಳು ಬದುಕಿದರು. ವ್ಯತ್ಯಾಸ 4.7 ತಿಂಗಳು. ಅನುಮತಿಯ ಹಿಂದಿದ್ದ ಈ ಅಂಕಿಯನ್ನು ನಮ್ಮ ಕುಟುಂಬಕ್ಕೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. 'ರಕ್ತ ನಿಲ್ಲಿಸುತ್ತದೆ' ಎಂಬ ಮಾತನ್ನು ನಾವು 'ರೋಗ ನಿಲ್ಲಿಸುತ್ತದೆ' ಎಂದು ಕೇಳಿಸಿಕೊಂಡೆವು.

4.7 ತಿಂಗಳೆಂದರೆ ತೃಣವೆಂದು ನಾನು ಹೇಳುತ್ತಿಲ್ಲ. ಮಗಳ ಮದುವೆಗೆ ಮೂರು ತಿಂಗಳಿರುವ ತಂದೆಗೆ ಅದು ಬಹಳ ದೊಡ್ಡದು. ಮಧ್ಯಾಂಕವೆಂಬುದು ಸಾಲಿನ ನಡುವೆ ನಿಂತವನ ಲೆಕ್ಕ ಎಂಬುದನ್ನೂ ಮರೆಯಬಾರದು. ಕೆಲವರಿಗೆ ಅದಕ್ಕಿಂತ ಬಹಳ ಹೆಚ್ಚು ಸಿಗುತ್ತದೆ, ಹಲವರಿಗೆ ಏನೂ ಸಿಗುವುದಿಲ್ಲ. ಯಾರಿಗೆ ಸಿಗುತ್ತದೆ ಎಂದು ಮುಂಚಿತವಾಗಿ ಹೇಳಬಲ್ಲ ನಂಬಿಕಸ್ಥ ಪರೀಕ್ಷೆ ಈ ಔಷಧಕ್ಕೆ ಇನ್ನೂ ದೊರೆತಿಲ್ಲ. ಜೊತೆಗೆ ಅಪಾಯಗಳೂ ಉಂಟು. ರಕ್ತದೊತ್ತಡ ಏರಬಹುದು, ರಕ್ತಸ್ರಾವವಾಗಬಹುದು, ವಿರಳವಾಗಿ ಕರುಳು ತೂತಾಗಬಹುದು. ಗಾಯ ಮಾಯುವುದಕ್ಕೂ ಹೊಸ ರಕ್ತನಾಳಗಳು ಬೇಕಾದುದರಿಂದ, ಶಸ್ತ್ರಚಿಕಿತ್ಸೆಗೂ ಈ ಔಷಧಕ್ಕೂ ನಡುವೆ ವಾರಗಳ ಅಂತರವಿಡಬೇಕಾಗುತ್ತದೆ.

ತೂಬು ಮುಚ್ಚಿದರೂ ಗಡ್ಡೆ ಏಕೆ ಪೂರ್ತಿ ಒಣಗುವುದಿಲ್ಲ? ಕಾರಣ ಸರಳ. ಒಂದು ತೂಬು ಮುಚ್ಚಿದರೆ ಅದು ಇನ್ನೊಂದನ್ನು ತೆರೆಯುತ್ತದೆ, ಅಂದರೆ ಬೇರೆ ಪ್ರೋಟೀನುಗಳ ಮೂಲಕ ಸಂದೇಶ ಕಳಿಸುತ್ತದೆ. ಯಕೃತ್ತಿನಂಥ ಅಂಗಗಳಲ್ಲಿ ಹೊಸ ನಾಳ ಚಿಗುರಿಸುವ ಗೋಜಿಗೂ ಹೋಗದೆ, ಇರುವ ನಾಳಗಳನ್ನೇ ಅಪ್ಪಿಕೊಂಡು ಬೆಳೆಯುತ್ತದೆ. ಆಮ್ಲಜನಕದ ಕೊರತೆಯಲ್ಲಿ ಇನ್ನಷ್ಟು ಮೊಂಡಾಗಿ ಬೇರೆಡೆಗೆ ನುಗ್ಗುವ ಕೋಶಗಳೂ ಇರುತ್ತವೆ. ಕಾನ್ಪುರದ ಐಐಟಿಯಲ್ಲಿ ಓದಿ ಬಾಸ್ಟನ್ನಿನಲ್ಲಿ ನೆಲೆಸಿದ ರಾಕೇಶ್ ಜೈನ್ ಅವರು 2001ರಲ್ಲಿ ಇದಕ್ಕೆ ಸ್ವಾರಸ್ಯಕರವಾದ ಬೇರೊಂದು ವಿವರಣೆ ಕೊಟ್ಟರು. ಗಡ್ಡೆಯೊಳಗಿನ ರಕ್ತನಾಳಗಳು ಅಂಕುಡೊಂಕಾಗಿ, ಸೋರುತ್ತಾ, ಅವ್ಯವಸ್ಥಿತವಾಗಿರುತ್ತವೆ. ಆದ್ದರಿಂದಲೇ ಕಿಮೋಥೆರಪಿಯ ಔಷಧವೂ ಒಳಗೆ ಸರಿಯಾಗಿ ತಲುಪುವುದಿಲ್ಲ. ಈ ಹೊಸ ಔಷಧ ಹದವಾದ ಪ್ರಮಾಣದಲ್ಲಿ ಆ ನಾಳಗಳನ್ನು ಕೆಲಕಾಲ ಸರಿಪಡಿಸುತ್ತದೆ, ಆಗ ಕಿಮೋಥೆರಪಿ ಒಳಹೊಕ್ಕು ಕೆಲಸ ಮಾಡುತ್ತದೆ ಎಂಬುದು ಅವರ ವಾದ. ಎಂದರೆ, ತೂಬು ಮುಚ್ಚುವುದಕ್ಕಿಂತ ಒಡಕು ನಾಲೆಯನ್ನು ದುರಸ್ತಿ ಮಾಡಿ ಕೊನೆಯ ಗದ್ದೆಗೆ ಮದ್ದು ಮುಟ್ಟಿಸುವ ಕೆಲಸ! ಈ ಔಷಧ ಒಂಟಿಯಾಗಿ ಅಲ್ಪವನ್ನಷ್ಟೇ ಮಾಡಿ ಇತರ ಔಷಧಗಳ ಜೊತೆಯಲ್ಲಿ ಹೆಚ್ಚು ಮಾಡುವುದೇಕೆ ಎಂಬುದಕ್ಕೆ ಇದು ಒಂದು ಉತ್ತರ. 2020ರಿಂದೀಚೆಗೆ ಯಕೃತ್ತಿನ ಕ್ಯಾನ್ಸರಿನಲ್ಲಿ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧದ ಸಂಗಾತಿಯಾಗಿ ಅದಕ್ಕೆ ಹೊಸ ಸ್ಥಾನವೂ ದೊರೆತಿದೆ.

ಇನ್ನು ಬೆಲೆಯ ಮಾತು. ಇದು ನನ್ನ ಶಾಸ್ತ್ರದ ಸೀಮೆ. ರಕ್ತನಾಳ ತಡೆಯುವ ಇದೇ ಗುಂಪಿಗೆ ಸೇರಿದ ಮಾತ್ರೆ ಸೊರಾಫೆನಿಬ್. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರಿಗೆ ಬಳಸುವಂಥದು. ಜರ್ಮನಿಯ ಬೇಯರ್ ಕಂಪನಿ ಭಾರತದಲ್ಲಿ ಅದನ್ನು ತಿಂಗಳಿಗೆ 2,80,428 ರೂಪಾಯಿಗೆ ಮಾರುತ್ತಿತ್ತು. 2012ರ ಮಾರ್ಚ್ 9ರಂದು ಭಾರತದ ಪೇಟೆಂಟ್ ನಿಯಂತ್ರಕ ಪಿ.ಎಚ್. ಕುರಿಯನ್ ಅವರು ಪೇಟೆಂಟ್ ಕಾಯ್ದೆಯ 84ನೇ ಕಲಮಿನಡಿ ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಪರವಾನಗಿ ನೀಡಿದರು. ಬೆಲೆ ತಿಂಗಳಿಗೆ 8,880 ರೂಪಾಯಿ ಮೀರಬಾರದು, ಬೇಯರ್‌ಗೆ ಶೇ 6ರಷ್ಟು ರಾಯಧನ ಕೊಡಬೇಕು ಎಂಬುದು ಷರತ್ತು. ಔಷಧ ಬೇಕಾಗಿದ್ದ ರೋಗಿಗಳಲ್ಲಿ ಶೇ 2ರಷ್ಟು ಮಂದಿಗೆ ಮಾತ್ರ ಅದು ತಲುಪುತ್ತಿತ್ತೆಂಬುದು ಆ ಆದೇಶದ ಒಂದು ಮುಖ್ಯ ಆಧಾರ. ಮೇಲ್ಮನವಿಯಲ್ಲಿ ರಾಯಧನ ಶೇ 7ಕ್ಕೆ ಏರಿತು, ಆದರೆ ಪರವಾನಗಿ ಉಳಿಯಿತು. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೂ ಮಧ್ಯಪ್ರವೇಶಿಸಲು ನಿರಾಕರಿಸಿತು. ಅರ್ಜಿಯೊಂದರ ಮೇಲೆ ಇಂಥ ಪರವಾನಗಿಯನ್ನು ಭಾರತ ಈವರೆಗೆ ನೀಡಿರುವುದು ಇದೊಂದೇ ಬಾರಿ.

ಒಂದು ಆಡಳಿತಾತ್ಮಕ ಆದೇಶದಿಂದ ಬೆಲೆ ಶೇ 97ರಷ್ಟು ಇಳಿಯಿತೆಂದರೆ, ಮೊದಲಿದ್ದ ಬೆಲೆಗೂ ಮಾತ್ರೆ ತಯಾರಿಸುವ ಖರ್ಚಿಗೂ ಸಂಬಂಧವೇ ಇರಲಿಲ್ಲವೆಂದು ತಿಳಿಯಲು ಅರ್ಥಶಾಸ್ತ್ರ ಓದಬೇಕಾಗಿಲ್ಲ. ಅದು ಏಕಸ್ವಾಮ್ಯದ ಬೆಲೆ. ಪ್ರಾಣಭಯದಲ್ಲಿರುವವನು ಎಷ್ಟು ಕೊಡಬಲ್ಲನೋ ಅಷ್ಟು. ಸಂಶೋಧನೆಯ ವೆಚ್ಚ ಮರಳಿ ಬರಬೇಕೆಂಬ ಕಂಪನಿಗಳ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದನ್ನು ಶೀಳನೆರೆಯ ಗದ್ದೆಯಿಂದಲೇ ವಸೂಲು ಮಾಡಬೇಕೆಂಬುದಕ್ಕೆ ಯಾವ ಆಧಾರವೂ ಇಲ್ಲ.

ಬೆವಾಸಿಝುಮ್ಯಾಬ್‌ನ ಬೆಲೆ ಇಳಿದದ್ದು ಸ್ಪರ್ಧೆಯಿಂದ. ಅದರಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ಬೆಂಗಳೂರಿನ ಬಯೋಕಾನ್ 2017ರ ನವೆಂಬರಿನಲ್ಲಿ ಈ ಔಷಧದ ಸದೃಶ ರೂಪವನ್ನು ಭಾರತದಲ್ಲಿ ಬಿಡುಗಡೆ ಮಾಡಿತು. 2025ರ ಏಪ್ರಿಲ್‌ನಲ್ಲಿ ಅದೇ ಸಮೂಹದ ಸದೃಶ ಔಷಧಕ್ಕೆ ಅಮೆರಿಕದ ಅನುಮತಿಯೂ ದೊರೆಯಿತು. 1978ರಲ್ಲಿ ಒಂದು ಗ್ಯಾರೇಜಿನಲ್ಲಿ ಆರಂಭವಾದ ಸಂಸ್ಥೆ ಇದನ್ನು ಸಾಧಿಸಿರುವುದು ಕನ್ನಡಿಗರಿಗೆ ಹೆಮ್ಮೆಯ ವಿಷಯವೇ ಸರಿ. ಆದರೆ ಬೆಂಗಳೂರಿನಲ್ಲಿ ತಯಾರಾದ ಔಷಧ ಕೃಷ್ಣರಾಜಪೇಟೆಯ ರೋಗಿಗೆ ತಲುಪುವುದೆಂಬ ಖಾತರಿ ಹೆಮ್ಮೆಯಿಂದ ಬರುವುದಿಲ್ಲ. ಹೇಮಾವತಿ ಜಲಾಶಯ ತುಂಬಿದ ಮಾತ್ರಕ್ಕೆ ನಾಲೆಯ ಕೊನೆಭಾಗದ ರೈತನ ಗದ್ದೆ ನೆನೆಯುವುದಿಲ್ಲ ಎಂಬುದನ್ನು ಮಂಡ್ಯ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದರೆ ಅಪಚಾರವಾದೀತು. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಅರ್ಧ ಶತಮಾನದಿಂದ ಬಡವರ ಆಸರೆಯಾಗಿದೆ. 2010ರ ವಾಜಪೇಯಿ ಆರೋಗ್ಯಶ್ರೀ ಬಡ ಕುಟುಂಬಗಳ ಕ್ಯಾನ್ಸರ್ ಚಿಕಿತ್ಸೆಯನ್ನು ಒಳಗೊಂಡಿತು. 2018ರಲ್ಲಿ ಅದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ಬಂದಿತು. 2025ರಲ್ಲಿ ರಾಜ್ಯವು 16 ಜಿಲ್ಲೆಗಳಲ್ಲಿ ಹಗಲು ಹೊತ್ತಿನ ಕಿಮೋಥೆರಪಿ ಕೇಂದ್ರಗಳನ್ನು ಆರಂಭಿಸಿತು. ಕೊನೆಯದು ಸಣ್ಣ ಸುದ್ದಿಯಾಗಿ ಬಂದು ಹೋಯಿತಾದರೂ ನನ್ನ ದೃಷ್ಟಿಯಲ್ಲಿ ಬಹಳ ಮಹತ್ವದ ಕ್ರಮ. ಎರಡು ವಾರಕ್ಕೊಮ್ಮೆ ಶೀಳನೆರೆಯಿಂದ ಬೆಂಗಳೂರಿಗೆ ಹೋಗಿಬರುವ ಬಸ್ ಖರ್ಚು, ಜೊತೆಗೆ ಹೋಗುವವನ ಕೂಲಿ, ರಾತ್ರಿ ತಂಗುವ ಕಷ್ಟ ಯಾವ ವಿಮೆಯ ಪಟ್ಟಿಯಲ್ಲೂ ಇರುವುದಿಲ್ಲ. ಎಷ್ಟೋ ಮಂದಿ ಚಿಕಿತ್ಸೆಯನ್ನು ನಡುವೆ ಬಿಡಲು ಔಷಧದ ಬೆಲೆಯಷ್ಟೇ ಇದೂ ಕಾರಣ.

ಆದರೂ ಒಂದು ಮೂಲ ಪ್ರಶ್ನೆ ಉಳಿಯುತ್ತದೆ. ಪ್ರತಿ ಹೊಸ ಔಷಧಕ್ಕೂ ಬೊಕ್ಕಸ ಹಣ ಕೊಡಬೇಕೇ? ನನ್ನ ಉತ್ತರ ಇಲ್ಲ ಎಂದೇ. ಇದನ್ನು ನಿರ್ದಯವೆನ್ನುವವರು 2011ರಲ್ಲಿ ಅಮೆರಿಕದಲ್ಲಿ ನಡೆದುದನ್ನು ನೋಡಬೇಕು. 2008ರಲ್ಲಿ ಹರಡಿದ ಸ್ತನ ಕ್ಯಾನ್ಸರಿಗೂ ಬೆವಾಸಿಝುಮ್ಯಾಬ್ ಬಳಸಲು ಅಲ್ಲಿ ತ್ವರಿತ ಅನುಮತಿ ಸಿಕ್ಕಿತ್ತು. ಮುಂದಿನ ಪರೀಕ್ಷೆಗಳಲ್ಲಿ ಅದು ಆಯುಷ್ಯ ಹೆಚ್ಚಿಸಿದ್ದಕ್ಕೆ ಸಾಕ್ಷ್ಯ ದೊರೆಯಲಿಲ್ಲ, ಅಪಾಯಗಳಿಗೆ ಮಾತ್ರ ದೊರೆಯಿತು. ರೋಗಿಗಳು ಕಣ್ಣೀರಿಟ್ಟು ವಿರೋಧಿಸಿದರೂ ಆಯುಕ್ತೆ ಮಾರ್ಗರೆಟ್ ಹ್ಯಾಂಬರ್ಗ್ 2011ರ ನವೆಂಬರಿನಲ್ಲಿ ಆ ಅನುಮತಿಯನ್ನು ಹಿಂತೆಗೆದುಕೊಂಡರು. ಇಲ್ಲವೆನ್ನಬೇಕಾದ ಕಡೆ ಕಾರಣ ಕೊಟ್ಟು ಇಲ್ಲವೆನ್ನುವುದೂ ಸರ್ಕಾರದ ಕರ್ತವ್ಯವೇ. ಒಂದು ಕಡೆ ವ್ಯರ್ಥವಾದ ಹಣ ಇನ್ನೊಂದು ಕಡೆ ಉಳಿಸಬಹುದಾಗಿದ್ದ ಜೀವ.

ಈ ವಿಚಾರದಲ್ಲಿ ನನಗೆ ಭರವಸೆ ಮೂಡಿಸಿದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಒಂದು ಕೆಲಸ. ನಮ್ಮ ದೇಶದಲ್ಲಿ ಬಾಯಿಯ ಕ್ಯಾನ್ಸರ್ ಬಹು ಸಾಮಾನ್ಯ. ಅದು ಮರುಕಳಿಸಿದಾಗ ಅಥವಾ ಹರಡಿದಾಗ ಬಡ ರೋಗಿಗೆ ದುಬಾರಿ ಔಷಧ ಎಟುಕುವುದಿಲ್ಲ. ಅಲ್ಲಿನ ವೈದ್ಯರು ಮೆಥೊಟ್ರೆಕ್ಸೇಟ್ ಮತ್ತು ಸೆಲಿಕಾಕ್ಸಿಬ್ ಎಂಬ ಎರಡು ಹಳೆಯ, ಅಗ್ಗದ ಮಾತ್ರೆಗಳನ್ನು ಸಣ್ಣ ಪ್ರಮಾಣದಲ್ಲಿ, ಬಿಡುವಿಲ್ಲದೆ ಕೊಡುವ ಕ್ರಮವನ್ನು ಅನುಸರಿಸಿದರು. ಹೀಗೆ ಸಣ್ಣ ಪ್ರಮಾಣವನ್ನು ಎಡೆಬಿಡದೆ ಕೊಟ್ಟಾಗ ಅದರ ಪೆಟ್ಟು ಗಡ್ಡೆಯ ರಕ್ತನಾಳಗಳ ಮೇಲೂ ಬೀಳುತ್ತದೆ ಎಂಬುದು 2000ದಲ್ಲಿ ಫೋಕ್‌ಮನ್ನರ ಪ್ರಯೋಗಾಲಯದಿಂದಲೇ ಹೊರಬಿದ್ದ ತಿಳಿವಳಿಕೆ. 422 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ರೂಢಿಯ ಚುಚ್ಚುಮದ್ದು ಪಡೆದವರ ಮಧ್ಯಾಂಕ ಆಯುಷ್ಯ 6.1 ತಿಂಗಳಾದರೆ, ಅಗ್ಗದ ಮಾತ್ರೆ ನುಂಗಿದವರದು 7.5 ತಿಂಗಳು. ತೀವ್ರವಾದ ಅಡ್ಡಪರಿಣಾಮಗಳೂ ಕಡಿಮೆ. ಮಾತ್ರೆಯಾದ್ದರಿಂದ ಹಾಸಿಗೆ ಹಿಡಿದು ಹನಿಸಿಕೊಳ್ಳುವ ಪ್ರಮೇಯವೂ ಇಲ್ಲ. ಲಕ್ಷಗಟ್ಟಲೆ ಬೆಲೆಯ ಔಷಧ ಹಿಡಿಯಲೆತ್ನಿಸಿದ ದಾರಿಯನ್ನೇ ಅತಿ ಅಗ್ಗದ ಮಾತ್ರೆಗಳೂ ಹಿಡಿಯಬಲ್ಲವೆಂದು ತೋರಿಸಿದ ಈ ಸಂಶೋಧನೆಗೆ ಯಾವ ಷೇರು ಪೇಟೆಯೂ ಜಿಗಿಯಲಿಲ್ಲ. ಅಗ್ಗದ ಔಷಧಕ್ಕೆ ಪ್ರಚಾರಕರಿರುವುದಿಲ್ಲ. ಆದ್ದರಿಂದಲೇ ಇಂಥ ಸಂಶೋಧನೆಗೆ ಸಾರ್ವಜನಿಕ ಹಣ ಬೇಕು.

ನನ್ನ ಸಲಹೆಗಳು ನಾಲ್ಕು. ಒಂದು, ಆರೋಗ್ಯ ವಿಮೆಯ ಪಟ್ಟಿಗೆ ಯಾವ ಔಷಧ ಸೇರಬೇಕೆಂಬುದನ್ನು ಲಾಭ–ವೆಚ್ಚದ ಬಹಿರಂಗ ವಿಶ್ಲೇಷಣೆಯಿಂದ ನಿರ್ಧರಿಸಬೇಕು. ಆರೋಗ್ಯ ತಂತ್ರಜ್ಞಾನದ ಮೌಲ್ಯಮಾಪನಕ್ಕೆ ಕೇಂದ್ರದಲ್ಲಿ ವ್ಯವಸ್ಥೆಯಿದೆ. ಅದರ ಕ್ರಮವನ್ನು ರಾಜ್ಯ ತನ್ನದಾಗಿಸಿಕೊಂಡು, ತೀರ್ಮಾನದ ಕಾರಣಗಳನ್ನು ಕನ್ನಡದಲ್ಲಿ ಪ್ರಕಟಿಸಲಿ. ಎರಡು, ಖರೀದಿ ಒಟ್ಟಾಗಿ ನಡೆಯಲಿ. ಟಾಟಾ ಆಸ್ಪತ್ರೆಯ ನೇತೃತ್ವದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ 40 ಔಷಧಗಳನ್ನು ಹಲವು ಆಸ್ಪತ್ರೆಗಳ ಪರವಾಗಿ ಒಟ್ಟಿಗೆ ಚೌಕಾಶಿ ಮಾಡಿ ಕೊಂಡಾಗ ಶೇ 23ರಿಂದ ಶೇ 99ರವರೆಗೆ ಉಳಿತಾಯವಾಯಿತು. ಸಗಟಿನಲ್ಲಿ ಕೊಳ್ಳುವವನಿಗೆ ಬೆಲೆ ಇಳಿಯುತ್ತದೆಂಬುದು ಸಂತೆಗೆ ಹೋಗುವ ಎಲ್ಲರಿಗೂ ಗೊತ್ತಿರುವ ನಿಯಮ.

ಮೂರು, ದುಬಾರಿ ಚಿಕಿತ್ಸೆ ಆರಂಭಿಸುವ ಮುನ್ನ ಪ್ರತಿ ಆಸ್ಪತ್ರೆಯೂ ಕುಟುಂಬಕ್ಕೆ ಕನ್ನಡದಲ್ಲಿ ಒಂದು ಪುಟದ ಬರಹ ಕೊಡುವುದು ಕಡ್ಡಾಯವಾಗಲಿ. ಈ ಚಿಕಿತ್ಸೆಯ ಗುರಿ ವಾಸಿ ಮಾಡುವುದೋ ಆಯುಷ್ಯ ಹೆಚ್ಚಿಸುವುದೋ, ಸರಾಸರಿ ಎಷ್ಟು ತಿಂಗಳು, ಒಟ್ಟು ಖರ್ಚೆಷ್ಟು, ಇದನ್ನು ಬಿಟ್ಟರೆ ಬೇರೇನಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಅದರಲ್ಲಿರಲಿ. ಒಂದು ಗುಂಟೆ ಜಮೀನಿನ ಕ್ರಯಕ್ಕೆ ಛಾಪಾ ಕಾಗದ, ಸಾಕ್ಷಿ, ನೋಂದಣಿ ಬೇಕೆನ್ನುವ ನಾವು, ಆ ಜಮೀನನ್ನೇ ಮಾರಿಸುವ ನಿರ್ಧಾರವನ್ನು ಐದು ನಿಮಿಷದ ಬಾಯಿಮಾತಿಗೆ ಬಿಟ್ಟಿದ್ದೇವೆ. ನಾಲ್ಕು, ಇವೆಲ್ಲಕ್ಕಿಂತ ಮುಖ್ಯವಾಗಿ, ಹೋಬಳಿ ಮಟ್ಟದಲ್ಲೇ ರೋಗ ಬೇಗ ಪತ್ತೆಯಾಗಬೇಕು. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳನ್ನು ಆರಂಭದಲ್ಲೇ ಹಿಡಿದರೆ ಹಳೆಯ ಶಸ್ತ್ರಚಿಕಿತ್ಸೆ ಮತ್ತು ವಿಕಿರಣವೇ ಬಹುಮಂದಿಯನ್ನು ವಾಸಿ ಮಾಡಬಲ್ಲವು. ರಕ್ತ ನಿಲ್ಲಿಸುವ ಔಷಧದ ಅಗತ್ಯವೇ ಬಾರದು. ನನ್ನ ಅಣ್ಣ ಮಲದಲ್ಲಿ ರಕ್ತ ಕಂಡು ಮೂಲವ್ಯಾಧಿಯೆಂದು ಭಾವಿಸಿ ಒಂದು ವರ್ಷ ನಾಟಿ ಮದ್ದು ಮಾಡಿಕೊಂಡಿದ್ದರು. ಆ ಒಂದು ವರ್ಷಕ್ಕೆ ಯಾವ ಪ್ರಯೋಗಾಲಯದಲ್ಲೂ ಪರಿಹಾರವಿಲ್ಲ.

ಗದ್ದೆ ಮಾರಿದರು. ಅಣ್ಣ ಹದಿನಾಲ್ಕು ತಿಂಗಳು ಬದುಕಿದರು. ಅದರಲ್ಲಿ ಔಷಧ ಕೊಟ್ಟದ್ದೆಷ್ಟು, ಅವರ ಗಟ್ಟಿ ಮೈ ಕೊಟ್ಟದ್ದೆಷ್ಟು ಎಂಬುದು ಒಬ್ಬ ಮನುಷ್ಯನ ವಿಷಯದಲ್ಲಿ ತಿಳಿಯುವಂಥದ್ದಲ್ಲ. ಕೊನೆಯ ಬಾರಿ ನೋಡಲು ಹೋದಾಗ ಅವರು ಜಗಲಿಯ ಮೇಲೆ ಕುಳಿತು, ಬೇರೆಯವರ ಪಾಲಾದ ಆ ಗದ್ದೆಗೆ ಆ ಸಲ ನಾಲೆಯ ನೀರು ಬಂದಿತೇ ಎಂದು ನನ್ನನ್ನು ಕೇಳಿದರು. ಬಂದಿದೆ ಎಂದೆ. ಮಾರಿದ್ದು ತಪ್ಪೋ ಸರಿಯೋ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಅವರ ಮಗ ಈಗ ಬೆಂಗಳೂರಿನಲ್ಲಿ ಕಾವಲುಗಾರನ ಕೆಲಸದಲ್ಲಿದ್ದಾನೆ, ಅವನೂ ಕೇಳುವುದಿಲ್ಲ. ಎಲ್ಲವನ್ನೂ ತಿಳಿದು ಆ ಕುಟುಂಬ ಮಾರಿದ್ದರೆ ಅದು ಅವರ ಆಯ್ಕೆಯಾಗುತ್ತಿತ್ತು, ಅದನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇರುತ್ತಿರಲಿಲ್ಲ. ಅವರು ತಿಳಿಯದೆ ಮಾರಿದರು. ಅಷ್ಟು ಓದಿದ ನಾನೂ ಅವರಿಗೆ ತಿಳಿಸಲಿಲ್ಲ. ಮುಂದಿನ ಕುಟುಂಬಕ್ಕಾದರೂ ಆ ಒಂದು ಪುಟದ ಬರಹ ಸಿಗಲಿ.